ಹೊಟ್ಟಿನ ಗುಡ್ಡೆ ಕಂಡರೆ ಗುದ್ದಲಿ ತರಬೇಡಿ: ಬೀಜ ಕೂಡಿಡುವ ಇರುವೆಯನ್ನು ನೋಡುವ ಬಗೆ

ಮಳೆ ಹಿಂದೆ ಸರಿದ ಕೂಡಲೇ ಪ್ರತಿ ವರ್ಷ ನನಗೆ ಒಂದೇ ಥರದ ಫೋಟೋಗಳು ಬರುತ್ತವೆ. ಅಂಗಳದ ಅಂಚಿನಲ್ಲೊಂದು ತೂತು, ಸುತ್ತ ತೆಳುವಾಗಿ ಹುಲ್ಲಿನ ಹೊಟ್ಟು, ಇರುವೆ ಸಾಲು. ಕೆಳಗೆ ಪ್ರಶ್ನೆ: ಇದು ಯಾವ ಇರುವೆ? ಕಚ್ಚುತ್ತಾ? ನಾನು ಹಾಕಿದ ಹರಿವೆ ಬೀಜ ಹೊತ್ತುಕೊಂಡು ಹೋದದ್ದು ಇದೇನಾ? ಒಬ್ಬೊಬ್ಬರಿಗೇ ಉತ್ತರ ಬರೆದು ಸಾಕಾಯ್ತು, ಹಾಗಾಗಿ ಎಲ್ಲವನ್ನೂ ಇಲ್ಲಿ ಒಟ್ಟಿಗೆ ಹಾಕುತ್ತಿದ್ದೇನೆ.

ಮೊದಲೇ ಹೇಳಿಬಿಡ್ತೇನೆ, ಈ ಇರುವೆಗಳ ಬಗ್ಗೆ ನಮ್ಮಲ್ಲಿ ಕೆಲಸ ಆಗಿರುವುದು ಬಹಳ ಕಡಿಮೆ. ಹೆಸರಿಟ್ಟವರಿದ್ದಾರೆ, ಪಟ್ಟಿ ಮಾಡಿದವರಿದ್ದಾರೆ. ಒಂದು ಗೂಡಿನ ಮುಂದೆ ವರ್ಷವಿಡೀ ಕೂತು ಅದು ಏನು ತಿನ್ನುತ್ತದೆ, ಯಾವಾಗ ತಿನ್ನುತ್ತದೆ ಅಂತ ಬರೆದಿಟ್ಟವರು ಕಡಿಮೆ. ಆ ಕೆಲಸಕ್ಕೆ ಪ್ರಯೋಗಾಲಯ ಬೇಕಿಲ್ಲ. ಗೂಡನ್ನು ಅಗೆಯುವುದೂ ಬೇಕಿಲ್ಲ. ಒಳಗೆ ಏನು ನಡೆಯುತ್ತದೆ ಅನ್ನುವುದರ ಅರ್ಧಕ್ಕಿಂತ ಜಾಸ್ತಿ ಲೆಕ್ಕವನ್ನು ಇರುವೆಗಳೇ ಹೊರಗೆ ತಂದು ಚೆಲ್ಲಿರುತ್ತವೆ. ಅದೇ ಆ ಹೊಟ್ಟು.

ನಡೆಯುವುದು ಇಷ್ಟು. ಕೆಲಸಗಾರ ಇರುವೆಗಳು ಹುಲ್ಲಿನ ಬೀಜ ಆರಿಸಿ ತರುತ್ತವೆ. ನೆಲದೊಳಗೆ ಸಿಪ್ಪೆ ಸುಲಿಯುತ್ತವೆ. ಕಾಳನ್ನು ಒಣಗಿದ ಕೋಣೆಗಳಲ್ಲಿ ಕೂಡಿಡುತ್ತವೆ, ನಮ್ಮ ಕಣಜದ ಹಾಗೆಯೇ. ಸಿಪ್ಪೆಯನ್ನು ಹೊರಗೆ ಎಸೆಯುತ್ತವೆ. ಬೆಳೆದ ಇರುವೆಗಳು ಗಟ್ಟಿ ಕಾಳನ್ನು ನುಂಗಲಾರವು, ಅವುಗಳ ಬಾಯಿಯಿಂದ ಒಳಗಿಳಿಯುವುದು ರಸ ಮಾತ್ರ. ಅದಕ್ಕೇ ಕಾಳನ್ನು ಅಗಿದು ಮರಿಹುಳುಗಳಿಗೆ ಕೊಡುತ್ತವೆ.

ಏನೇನು ಬೇಕು

10 ಪಟ್ಟು ದೊಡ್ಡದು ಮಾಡಿ ತೋರಿಸುವ ಚಿಕ್ಕ ಭೂತಗನ್ನಡಿ, ಬಿಳಿ ತಟ್ಟೆ, ಚಮಚ, ಮೆತ್ತನೆಯ ಬ್ರಷ್, ಮಕ್ಕಳ ಅಡಿಪಟ್ಟಿ, ಪೆನ್ಸಿಲ್, ನೋಟ್‌ಬುಕ್. ಪೆನ್ ಬೇಡ, ನಮ್ಮ ತೇವಕ್ಕೆ ಶಾಯಿ ಹರಡುತ್ತದೆ. ಹೊಟ್ಟು ಹಾಕಿಡಲು ಕಾಗದದ ಪೊಟ್ಟಣ. ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಬೂಷ್ಟು ಗ್ಯಾರಂಟಿ. ಹತ್ತಿರದಿಂದ ಫೋಟೋ ತೆಗೆಯುವ ಮೊಬೈಲ್ ಇದ್ದರೆ ಒಳ್ಳೇದು. ಕೂರಲು ಒಂದು ಮಣೆ, ಇದನ್ನು ಯಾರೂ ಹೇಳುವುದಿಲ್ಲ, ಆದರೆ ಅರ್ಧ ಗಂಟೆ ಕುಕ್ಕರುಗಾಲಲ್ಲಿ ಕೂತು ನೋಡಿ, ಆಮೇಲೆ ಗೊತ್ತಾಗುತ್ತದೆ.

1. ಕಾಲ ಮತ್ತು ಜಾಗ

ಚಿತ್ತಾ ಮಳೆ ಮುಗಿಯುತ್ತಾ ಬಂದಾಗ ಶುರುಮಾಡಿ. ಅಕ್ಟೋಬರ್ ನಡುವಿನಿಂದ ಡಿಸೆಂಬರ್‌ವರೆಗೆ ಒಳ್ಳೆಯ ಸಮಯ. ಬೇಣದಲ್ಲೂ (ಹುಲ್ಲಿಗೆ ಬಿಟ್ಟ ಜಾಗ) ಗುಡ್ಡದ ಮೇಲೂ ಹುಲ್ಲು ಬಲಿತು ಬೀಜ ಉದುರುವ ಹೊತ್ತು ಅದು.

ಬೀಜ ಕೂಡಿಡುವ ಇರುವೆಗೆ ಬಿಸಿಲು, ಬಯಲು, ನೀರು ನಿಲ್ಲದ ಮಣ್ಣು ಬೇಕು. ದಟ್ಟ ಕಾಡಿನೊಳಗೆ, ಅಡಿಕೆ ತೋಟದ ನೆರಳಲ್ಲಿ ಹುಡುಕಿ ಸಮಯ ಹಾಳು ಮಾಡಬೇಡಿ. ಕರಾವಳಿಯಲ್ಲಿದ್ದರೆ ಕುಮಟಾ, ಹೊನ್ನಾವರ, ಭಟ್ಕಳದ ಚಿರೆಕಲ್ಲಿನ ಬಯಲುಗಳು, ಗೋಕರ್ಣದ ಗುಡ್ಡದ ನೆತ್ತಿ, ಕಾರವಾರದ ಸುತ್ತಿನ ಹುಲ್ಲುಗುಡ್ಡಗಳು. ಶಿರಸಿ, ಸಿದ್ದಾಪುರದವರಾದರೆ ಬೇಣದ ಅಂಚು, ಗದ್ದೆಯ ಎತ್ತರದ ಹಾಳಿ, ದೇವಸ್ಥಾನದ ಎದುರಿನ ಬಯಲು. ಬನವಾಸಿ, ಮುಂಡಗೋಡ, ಹಳಿಯಾಳದವರಿಗೆ ನಮಗಿಂತ ಸುಲಭ, ಘಟ್ಟದಿಂದ ಮೂಡಣಕ್ಕೆ ಹೋದಷ್ಟೂ ಮಳೆ ಕಡಿಮೆ, ಒಣ ಬಯಲು ಜಾಸ್ತಿ.

ಬೆಳಿಗ್ಗೆ 8ರಿಂದ 10, ಸಂಜೆ 4ರಿಂದ 6. ಮಧ್ಯಾಹ್ನ ಚಿರೆಕಲ್ಲು ಕಾದ ಕಾವಲಿಯಾಗಿರುತ್ತದೆ. ಇರುವೆ ಒಳಗೆ, ನೀವೂ ಒಳಗೆ ಇರಿ.

ಒಂದು ಎಚ್ಚರಿಕೆ. ನಮ್ಮ ಕಡೆ ಮಳೆ ಮುಗಿದ ಮೇಲೆ ಅಂಗಳ ಕೆತ್ತಿ, ಬಡಿದು, ಸಗಣಿ ಸಾರಿಸುತ್ತೇವೆ, ಅಲ್ವಾ? ಆ ಒಂದು ದಿನದಲ್ಲಿ ಹೊಟ್ಟಿನ ಗುಡ್ಡೆ ಪೂರ್ತಿ ಮಾಯ. ಮನೆಯವರಿಗೆ ಮೊದಲೇ ಹೇಳಿಟ್ಟು ಒಂದು ಮೂಲೆ ಬಿಡಿಸಿಕೊಳ್ಳಿ. ನಾಲ್ಕು ಕಲ್ಲು ಇಟ್ಟು ಗಡಿ ಮಾಡಿದರೆ ಸಾಕು.

2. ತೂತು ಹುಡುಕಬೇಡಿ, ಹೊಟ್ಟು ಹುಡುಕಿ

ತೂತು ಸಾವಿರ ಇರುತ್ತವೆ. ನೋಡಬೇಕಾದದ್ದು ಒಣಹುಲ್ಲಿನ ಬಣ್ಣದ, ಹಗುರವಾದ, ಊದಿದರೆ ಹಾರುವ ಸಿಪ್ಪೆಯ ಉಂಗುರ ಅಥವಾ ಅರ್ಧಚಂದ್ರ. ಬೆರಳಲ್ಲಿ ಉಜ್ಜಿ ನೋಡಿ. ಮಣ್ಣಿನ ಹರಳಷ್ಟೇ ಇದ್ದರೆ ಅದು ಗೂಡು ತೋಡಿದ ಮಣ್ಣು, ಯಾವ ಇರುವೆಯದಾದರೂ ಇರಬಹುದು. ಸಿಪ್ಪೆ ಇದ್ದರೆ ಮಾತ್ರ ಮುಂದಕ್ಕೆ.

ಜನ ಮೋಸ ಹೋಗುವ ಜಾಗಗಳು ಕೆಲವು ಇವೆ. ಸೂರಿನ ಕೆಳಗಿನ ಪುಡಿಮಣ್ಣಿನಲ್ಲಿ ಬಾಣಲೆಯಂಥ ಗುಂಡಿ ಇದ್ದರೆ ಅದು ಇರುವೆ ಹಿಡಿದು ತಿನ್ನುವ ಹುಳುವಿನದು, ಇರುವೆಯ ಗೂಡೇ ಅಲ್ಲ. ಗೆದ್ದಲು ಕೂಡ ಒಣಹುಲ್ಲು ಕತ್ತರಿಸಿ ಒಯ್ಯುತ್ತದೆ, ಆದರೆ ಮೈಮೇಲೆ ಮಣ್ಣಿನ ಮುಚ್ಚಿಗೆ ಕಟ್ಟಿಕೊಂಡು ಹೋಗುವುದೇ ಹೆಚ್ಚು, ಹೀಗೆ ಬಾಗಿಲ ಸುತ್ತ ಸಿಪ್ಪೆ ಹರಡುವುದಿಲ್ಲ. ಭತ್ತ ಬಡಿದ ಕಳದ ಹತ್ತಿರ ಗಾಳಿಗೆ ಬಂದು ಬಿದ್ದ ಹೊಟ್ಟನ್ನು ಇರುವೆಯದು ಅಂತ ಫೋಟೋ ಕಳಿಸಿದವರೂ ಇದ್ದಾರೆ. ಅನುಮಾನ ಬಂದರೆ ಹತ್ತು ನಿಮಿಷ ಕೂತಿರಿ. ಇರುವೆಯೇ ಸಿಪ್ಪೆ ತಂದು ಹಾಕಿದ್ದನ್ನು ಕಣ್ಣಾರೆ ಕಂಡ ಮೇಲೆ ಬರೆದುಕೊಳ್ಳಿ.

3. ಯಾರು ಅಂತ ಗುರುತಿಸುವುದು

ಇಲ್ಲಿ ಸ್ವಲ್ಪ ನಿಧಾನ ಬೇಕು, ಎಲ್ಲರೂ ಎಡವುವುದು ಇಲ್ಲೇ. ಬಣ್ಣ ನೋಡಿ ಹೆಸರು ಹೇಳಬೇಡಿ. ಮೊದಲು ಒಂದೇ ಸಾಲಿನ ಇರುವೆಗಳ ಗಾತ್ರ ಹೋಲಿಸಿ. ಆಮೇಲೆ ಭೂತಗನ್ನಡಿಯಲ್ಲಿ ಬೆನ್ನು ನೋಡಿ.

ಸಾಲಿನಲ್ಲಿ ಎರಡೇ ಗಾತ್ರ ಇದ್ದು, ಸಣ್ಣವುಗಳ ನಡುವೆ ಅಲ್ಲೊಂದು ಇಲ್ಲೊಂದು ಮೈಗಿಂತ ತಲೆಯೇ ದೊಡ್ಡದಾದ ಇರುವೆ ಕಂಡರೆ ಅದು ಫೈಡೋಲೆ ಕುಲದ್ದು. ಸಣ್ಣದು 2–3 ಮಿಲಿಮೀಟರ್ ಅಷ್ಟೇ. ದೊಡ್ಡ ತಲೆಯದನ್ನು 'ಮೇಜರ್' ಅನ್ನುತ್ತಾರೆ, ನಾವು ಬಡ್ಡತಲೆ ಅಂದರೂ ನಡೆದೀತು. ಆ ತಲೆಯ ತುಂಬ ದವಡೆಯ ಸ್ನಾಯು. ಗಟ್ಟಿ ಬೀಜ ಒಡೆಯಲು ಅದು ಬೇಕು. ಈ ಕುಲದಲ್ಲಿ ಜಾತಿಗಳು ತುಂಬಾ. ಎಲ್ಲವೂ ಬೀಜ ಕೂಡಿಡುವುದಿಲ್ಲ. ಫೋಟೋದಿಂದ ಜಾತಿ ಹೇಳುವುದು ತಜ್ಞರಿಗೂ ಕಷ್ಟ, ಕುಲದ ಹೆಸರಿಗೇ ನಿಲ್ಲಿಸಿ.

ಚಿಕ್ಕದರಿಂದ ದೊಡ್ಡದರವರೆಗೆ ಮೆಟ್ಟಿಲು ಮೆಟ್ಟಿಲಾಗಿ ಎಲ್ಲಾ ಗಾತ್ರದವೂ ಒಂದೇ ಸಾಲಲ್ಲಿದ್ದು, ತಲೆ ಮತ್ತು ಎದೆ ಕೆಂಪುಗಂದು, ಹಿಂಭಾಗ ಕಪ್ಪಾಗಿ, ತಲೆಯ ಮೇಲೆ ಬಾಚಣಿಗೆ ಎಳೆದಂಥ ಗೆರೆಗಳಿದ್ದರೆ ಟ್ರೈಕೋಮಿರ್ಮೆಕ್ಸ್ ಇರಬಹುದು. ಇದರಲ್ಲಿ ಹೆಸರುವಾಸಿ ಸ್ಕೇಬ್ರಿಸೆಪ್ಸ್, ಅಂದರೆ 'ಒರಟು ತಲೆಯದು'. ಮಾಯರ್ ಅನ್ನುವವರು 1879ರಲ್ಲಿ ಇದಕ್ಕೆ ಹೆಸರಿಟ್ಟಾಗ ಕುಲ ಹೋಲ್ಕೋಮಿರ್ಮೆಕ್ಸ್. ಆಮೇಲೆ ಬಹಳ ಕಾಲ ಮೊನೊಮೋರಿಯಂ. 2015ರಿಂದ ಟ್ರೈಕೋಮಿರ್ಮೆಕ್ಸ್. ಹಳೆಯ ಪುಸ್ತಕದಲ್ಲಿ ಬೇರೆ ಹೆಸರು ಕಂಡರೆ ಗಾಬರಿ ಬೇಡ, ಇರುವೆ ಅದೇ. ಉದ್ದದ ದಾರಿ, ದೊಡ್ಡ ಹೊಟ್ಟಿನ ಗುಡ್ಡೆ ಇದರ ಗುರುತು. ಮುಂಡಗೋಡ, ಹಳಿಯಾಳದ ಓದುಗರು ಇದನ್ನು ಮುಖ್ಯವಾಗಿ ಹುಡುಕಿ.

ಮೂರನೆಯದು ನನಗೆ ತುಂಬಾ ಇಷ್ಟದ್ದು, ಮೆರನೋಪ್ಲಸ್ ಬೈಕಲರ್. ಎಲ್ಲವೂ ಒಂದೇ ಗಾತ್ರ. ಎದೆಯ ಮೇಲೆ ಗುರಾಣಿಯಂಥ ಹೊದಿಕೆ, ಅದರ ಹಿಂದಿನ ಮೂಲೆಗಳಲ್ಲಿ ಎರಡು ಉದ್ದ ಮುಳ್ಳು. ಮೈತುಂಬ ಕೂದಲು. ಮುಂಭಾಗ ಕೆಂಪು, ಹಿಂಭಾಗ ಕಪ್ಪು, ಹೆಸರಿನ ಅರ್ಥವೂ ಅದೇ, ಎರಡು ಬಣ್ಣದ್ದು. ನಡಿಗೆ ಎಷ್ಟು ನಿಧಾನ ಅಂದರೆ ಬೇರೆ ಇರುವೆಗಳ ಪಕ್ಕ ಇದು ಮದುವೆ ಊಟ ಮುಗಿಸಿ ಹೊರಟ ನೆಂಟನ ಹಾಗೆ ಕಾಣುತ್ತದೆ. ಮುಟ್ಟಿದರೆ ಕೈಕಾಲು ಮಡಚಿ ಉರುಳಿ ಸತ್ತ ಹಾಗೆ ಬಿದ್ದುಕೊಳ್ಳುತ್ತದೆ. ಇದು ಬೀಜವನ್ನಷ್ಟೇ ನಂಬಿಕೊಂಡಿಲ್ಲ, ಸತ್ತ ಹುಳುವನ್ನೂ ಒಯ್ಯುತ್ತದೆ.

ಇನ್ನು ಎಚ್ಚರಿಕೆಯ ವಿಷಯ. ಸೊಲೆನಾಪ್ಸಿಸ್ ಜೆಮಿನೇಟಾ ಅಂತ ಒಂದಿದೆ. ಮೂಲ ಅಮೆರಿಕ ಖಂಡದ ಬಿಸಿ ನಾಡುಗಳದ್ದು, ಭಾರತಕ್ಕೆ ಬಂದು ಎಷ್ಟೋ ಕಾಲವಾಯ್ತು. ಇದೂ ಬೀಜ ಕೂಡಿಡುತ್ತದೆ, ಇದರಲ್ಲೂ ದೊಡ್ಡ ತಲೆಯವಿರುತ್ತವೆ. ಫೈಡೋಲೆ ಅಂದುಕೊಂಡು ಪಕ್ಕದಲ್ಲಿ ಕೂತರೆ ಬೆಂಕಿ ತಾಗಿದ ಹಾಗೆ ಉರಿ. ಗೂಡಿನ ಪಕ್ಕದ ನೆಲವನ್ನು ಉದ್ದ ಕಡ್ಡಿಯಲ್ಲಿ ಒಮ್ಮೆ ತಟ್ಟಿ ನೋಡಿ. ರಾಶಿ ರಾಶಿಯಾಗಿ ಹೊರಬಂದು ಕಡ್ಡಿ ಹತ್ತಿದರೆ ಮಣೆ ಎತ್ತಿಕೊಂಡು ಹಿಂದೆ ಬನ್ನಿ. ಭೂತಗನ್ನಡಿಯಲ್ಲಾದರೆ ಮೀಸೆಯ ತುದಿ ನೋಡಬೇಕು. ಸೊಲೆನಾಪ್ಸಿಸ್‌ಗೆ ಕೊನೆಯ 2 ಗಣ್ಣು ದಪ್ಪ, ಫೈಡೋಲೆಗೆ ಸಾಮಾನ್ಯವಾಗಿ 3. ಮಕ್ಕಳ ಜೊತೆ ಹೋಗುವವರು ಈ ಒಂದು ಪ್ಯಾರಾ ಎರಡು ಸಲ ಓದಿ.

4. ಹೊರೆ ಎಣಿಸುವುದು

ಬಾಗಿಲಿಂದ ಒಂದು ಗೇಣು ದೂರದಲ್ಲಿ ದಾರಿಯ ಎರಡೂ ಬದಿಗೆ ಒಂದೊಂದು ಹರಳು ಇಡಿ. ಆ ಗೆರೆ ದಾಟಿ ಒಳಗೆ ಬರುವ 50 ಇರುವೆ ಎಣಿಸಿ. ಬೀಜ, ಹುಳು ಹುಪ್ಪಟೆ, ಬೇರೆ ಏನಾದರೂ, ಬರಿಗೈ. ನಾಲ್ಕೇ ಕಾಲಂ. ಗೆರೆ ಹಾಕಲು ಸೀಮೆಸುಣ್ಣವೋ ರಂಗೋಲಿ ಪುಡಿಯೋ ಬಳಸಬೇಡಿ. ಇರುವೆ ಹೋಗುವುದು ವಾಸನೆಯ ಜಾಡು ಹಿಡಿದು, ಪುಡಿ ಬಿದ್ದರೆ ದಾರಿಯೇ ಕಲಸಿಹೋಗುತ್ತದೆ.

ದಿಕ್ಕು ಮರೆತರೆ ಲೆಕ್ಕವೆಲ್ಲ ತಲೆಕೆಳಗು. ಹೊರಗೆ ಬರುವ ಇರುವೆಯ ಬಾಯಲ್ಲಿರುವುದು ಕಸ, ಒಳಗೆ ಹೋಗುವುದರ ಬಾಯಲ್ಲಿರುವುದು ಊಟ. ದೂರದಿಂದ ಎರಡೂ ಬೀಜದ ಹಾಗೇ ಕಾಣುತ್ತವೆ. ಬರಿಗೈಯಲ್ಲಿ ಬಂದದ್ದೆಲ್ಲ ಸೋಮಾರಿಯೂ ಅಲ್ಲ, ಹೊಟ್ಟೆಯಲ್ಲಿ ರಸ ತುಂಬಿಕೊಂಡು ಬಂದಿರಬಹುದು.

ಇನ್ನೊಂದು ತಪ್ಪು ತಿಳಿವಳಿಕೆ. ಬೀಜ ಹೊತ್ತ ಇರುವೆಯೆಲ್ಲ ಬೀಜ ತಿನ್ನುವ ಇರುವೆಯಲ್ಲ. ಕೆಲವು ಗಿಡಗಳು ಬೀಜದ ತುದಿಗೆ ಕೊಬ್ಬಿನ ಸಣ್ಣ ತುಣುಕು ಅಂಟಿಸಿಕೊಂಡಿರುತ್ತವೆ. ಎಲಾಯೋಸೋಮ್ ಅನ್ನುತ್ತಾರೆ, ಇರುವೆಗೆ ಕೊಡುವ ಕೂಲಿ ಅಂದುಕೊಳ್ಳಿ. ಔಡಲ ಬೀಜದ ಮೂತಿಯಲ್ಲಿ ಬಿಳಿ ಗಂಟು ಇರುತ್ತದಲ್ಲ, ಅದೇ. ಇರುವೆ ಆ ತುಣುಕು ತಿಂದು ಬೀಜವನ್ನು ಹಾಗೇ ಎಸೆಯುತ್ತದೆ. ಬೀಜ ಸಾಯುವುದಿಲ್ಲ, ಹೊಸ ಜಾಗ ಸೇರುತ್ತದೆ. ಇಂಥ ಗೂಡಿನ ಹೊರಗೆ ಇಡೀ ಬೀಜಗಳೇ ಬಿದ್ದಿರುತ್ತವೆ, ಸುಲಿದ ಸಿಪ್ಪೆ ಅಲ್ಲ.

5. ಹೊಟ್ಟು ಓದುವುದು

ಇದೇ ಮುಖ್ಯ ಕೆಲಸ, ಬೇರೆ ಯಾವುದನ್ನು ಬಿಟ್ಟರೂ ಇದನ್ನು ಬಿಡಬೇಡಿ.

ತಿಂಗಳಿಗೊಮ್ಮೆ, ಒಂದೇ ತಾರೀಖಿಗೆ, ಗುಡ್ಡೆಯ ಬಾಗಿಲ ಹತ್ತಿರದ ಅಂಚಿನಿಂದ ಒಂದು ಚಮಚ ಹೊಟ್ಟು ತೆಗೆಯಿರಿ. ಹೊಸದು ಬೀಳುವುದು ಅಲ್ಲಿ. ಹೊರ ಅಂಚಿನದು ಹಳೆಯದು, ಎರಡನ್ನೂ ಕಲಸಿದರೆ ಯಾವ ತಿಂಗಳ ಊಟ ಅಂತ ಗೊತ್ತಾಗುವುದಿಲ್ಲ. ತಟ್ಟೆಗೆ ಸ್ವಲ್ಪ ನೀರು ಹಾಕಿ ಮೇಲಿಂದ ಉದುರಿಸಿ. ಮಣ್ಣು ತಳಕ್ಕೆ ಹೋಗುತ್ತದೆ, ಸಿಪ್ಪೆ ತೇಲುತ್ತದೆ. ಬ್ರಷ್‌ನಿಂದ ಒಂದೇ ಥರದವನ್ನು ಒಂದೊಂದು ಗುಂಪು ಮಾಡಿ.

ಹೆಸರು ಗೊತ್ತಿಲ್ಲದಿದ್ದರೆ? ಪರವಾಗಿಲ್ಲ. ಗುಂಪಿಗೆ ನೀವೇ ಹೆಸರಿಡಿ. 'ದೋಣಿಯಾಕಾರ', 'ಕೂದಲಿನದು', 'ಕಪ್ಪು ಹೊಳೆಯುವುದು'. ಆಮೇಲೆ ಗೂಡಿನ ಸುತ್ತ ಹತ್ತು ಹೆಜ್ಜೆಯೊಳಗಿನ ಪ್ರತಿ ಹುಲ್ಲಿನ ಒಂದು ತೆನೆ ಕಿತ್ತು ತಂದು, ಕೈಯಲ್ಲಿ ಹಿಸುಕಿ, ಸಿಪ್ಪೆಯನ್ನು ಹೋಲಿಸಿ. ಗರಿಕೆ ಯಾವುದು, ಕರಡ ಯಾವುದು ಅಂತ ದನ ಮೇಯಿಸಿದ ಹಿರಿಯರೊಬ್ಬರನ್ನು ಕೇಳಿದರೆ ನಿಮ್ಮ ಕೆಲಸ ಅರ್ಧ ಮುಗಿಯಿತು. ಪುಸ್ತಕಕ್ಕಿಂತ ಬೇಗ ಹೇಳುತ್ತಾರೆ.

ಸಿಪ್ಪೆಯ ನಡುವೆ ಇರುವೆಗಳ ತಲೆ, ಕಾಲು ಸಿಕ್ಕರೆ ಅದನ್ನೂ ಬರೆಯಿರಿ. ಸತ್ತವರನ್ನು ಹಾಕುವುದೂ ಅಲ್ಲೇ. ಗುಡ್ಡೆಯ ಮೇಲೆ ಎಳೆ ಸಸಿ ಹುಟ್ಟಿದ್ದರೆ ಫೋಟೋ ತೆಗೆಯಿರಿ. ಕಣ್ತಪ್ಪಿ ಸಿಪ್ಪೆಯ ಜೊತೆ ಹೊರಬಿದ್ದ ಕಾಳು ಅದು.

ಅಗೆದು ನೋಡಬೇಕು ಅನ್ನಿಸುತ್ತದೆ, ನನಗೂ ಅನ್ನಿಸಿತ್ತು. ಒಮ್ಮೆ ಅಗೆದೆ. ಚಿರೆಮಣ್ಣು ಕುಸಿದು ಕೋಣೆ ಯಾವುದು ಮಣ್ಣು ಯಾವುದು ತಿಳಿಯಲಿಲ್ಲ, ಎರಡು ತಿಂಗಳಿಂದ ಬರೆಯುತ್ತಿದ್ದ ಗೂಡು ಅಲ್ಲಿಗೇ ಮುಗಿಯಿತು.

6. ಬಾಳೆಲೆ ಪರೀಕ್ಷೆ

ಅಂಗೈಯಗಲದ ಬಾಳೆಲೆ ತುಂಡಿನ ಮೇಲೆ ರಾಗಿ, ಸಾಮೆ, ಎಳ್ಳು, ಅಕ್ಕಿನುಚ್ಚು, ಒಂದೊಂದು 20 ಕಾಳು, ನಾಲ್ಕು ಮೂಲೆಗೆ ಹಾಕಿ. ದಾರಿಯ ಪಕ್ಕ ಇಡಿ, ದಾರಿಯ ಮೇಲೆ ಬೇಡ. ಒಂದು ಗಂಟೆ ಬಿಟ್ಟು ಉಳಿದದ್ದು ಎಣಿಸಿ. ಮರುದಿನ ಮೂಲೆ ಬದಲಿಸಿ ಮತ್ತೆ ಮಾಡಿ. ಇಲ್ಲದಿದ್ದರೆ ಬಾಗಿಲಿಗೆ ಹತ್ತಿರ ಇದ್ದ ಕಾಳೇ ಇರುವೆಗೆ ಇಷ್ಟ ಅಂತ ತಪ್ಪು ತೀರ್ಮಾನಕ್ಕೆ ಬರುತ್ತೀರಿ. ಹುರಿದ ಎಳ್ಳು ಬೇಡ. ಬೆಲ್ಲ ಮುಟ್ಟಿದ ಕೈ ಬೇಡ. ಕೋಳಿ ಸಾಕಿದವರು ಪಕ್ಕದಲ್ಲೇ ಕಾಯಬೇಕು, ಇಲ್ಲದಿದ್ದರೆ ಅದು ಕೋಳಿಯ ಇಷ್ಟದ ಪಟ್ಟಿಯಾಗುತ್ತದೆ. ಕಳೆಗಿಡದ ಬೀಜ ಹೊರಗಿಂದ ತಂದು ಹಾಕಬೇಡಿ.

7. ಮಳೆ ನಿಂತ ಮರುದಿನ

ಅಕಾಲದ ಮಳೆ ಬಿದ್ದು ಮರುದಿನ ಬಿಸಿಲು ಬಂತು ಅಂದರೆ ಎಲ್ಲಾ ಕೆಲಸ ಬಿಟ್ಟು ಗೂಡಿನ ಹತ್ತಿರ ಹೋಗಿ. ಒದ್ದೆಯಾದ ಕಾಳನ್ನು ಇರುವೆಗಳು ಹೊರಗೆ ತಂದು ಹರಡಬಹುದು, ನಾವು ಅಡಿಕೆ ಒಣಗಿಸಿದ ಹಾಗೆ. ಸಂಜೆಗೆ ಮತ್ತೆ ಒಳಗೆ. ಇದು ಹೊಟ್ಟಲ್ಲ, ಇಡೀ ಕಾಳು, ಹಾಗಾಗಿ ಗುಡಿಸಬೇಡಿ, ಮುಟ್ಟಬೇಡಿ. ಫೋಟೋ ತೆಗೆದು ಸಮಯ ಬರೆಯಿರಿ.

ಇದನ್ನು ಪುಣೆಯಲ್ಲಿ ನೋಡಿ ಬರೆದವರು ಸೈಕ್ಸ್ ಅನ್ನುವ ಬ್ರಿಟಿಷ್ ಸೇನಾಧಿಕಾರಿ, 1835ರಲ್ಲಿ ಅದು ಲಂಡನ್ನಿನಲ್ಲಿ ಅಚ್ಚಾಯಿತು. ಆ ಇರುವೆಗೆ 'ಪ್ರಾವಿಡೆನ್ಸ್' ಅಂತ ಹೆಸರಿಟ್ಟರು, ಮುಂದಾಲೋಚನೆಯದು ಅಂತ. ಈಗ ಅದು ಫೈಡೋಲೆ ಪ್ರಾವಿಡೆನ್ಸ್. ಆ ಕಾಲದಲ್ಲಿ ಯುರೋಪಿನ ಎಷ್ಟೋ ಪಂಡಿತರು ಇರುವೆ ಕಾಳು ಕೂಡಿಡುತ್ತದೆ ಅನ್ನುವುದನ್ನು ಹಳೆಯವರ ಕಟ್ಟುಕತೆ ಅಂದುಕೊಂಡಿದ್ದರು, ಏಕೆಂದರೆ ಅವರ ಚಳಿ ಊರಿನ ಇರುವೆಗಳು ಹಾಗೆ ಮಾಡುತ್ತಿರಲಿಲ್ಲ. ನಮ್ಮ ಅಜ್ಜಿಯರನ್ನು ಕೇಳಿದ್ದರೆ ಸಾಕಿತ್ತು.

8. ಬರೆದಿಡುವುದು, ತೋರಿಸುವುದು

ತಾರೀಖು, ಹೊತ್ತು, ಬಿಸಿಲೋ ಮೋಡವೋ, ಹಿಂದಿನ ದಿನ ಮಳೆ ಬಂತಾ, 50ರಲ್ಲಿ ಎಷ್ಟು ಬೀಜ, ಗುಡ್ಡೆಯ ಅಗಲ ಎಷ್ಟು ಸೆಂಟಿಮೀಟರ್. ಇಷ್ಟೇ ಸಾಕು, ಆದರೆ ತಪ್ಪಿಸಬೇಡಿ. ಏನೂ ಕಾಣದ ದಿನವೂ 'ಏನೂ ಇಲ್ಲ' ಅಂತ ಬರೆಯಿರಿ. ಜೂನ್‌ನಲ್ಲಿ ಮಳೆ ಹಿಡಿದು ಗುಡ್ಡೆ ತೊಳೆದುಹೋದ ದಿನ, ಮಳೆಗಾಲ ಮುಗಿದು ಮೊದಲ ಸಿಪ್ಪೆ ಹೊರಬಿದ್ದ ದಿನ, ಇವೆರಡು ತಾರೀಖು ಚಿನ್ನ.

ಫೋಟೋ ಮೂರು: ಮುಖದ ಎದುರಿನಿಂದ, ಬದಿಯಿಂದ, ಮೇಲಿನಿಂದ. ಜೊತೆಗೆ ಅಡಿಪಟ್ಟಿ ಇಟ್ಟು ಗೂಡಿನದೊಂದು. ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಜಾಲತಾಣದಲ್ಲಿ ಹಾಕಿ. ಹೋಲಿಸಿ ನೋಡಲು ಇರುವೆ ಫೋಟೋಗಳ ಜಾಲತಾಣ ಆಂಟ್‌ವೆಬ್ ಇದೆ. ಹೆಸರು ಗೊತ್ತಿಲ್ಲದಿದ್ದರೆ ಬರೀ 'ಇರುವೆ' ಅಂತ ಹಾಕಿದರೂ ನೋಡುವವರು ಇದ್ದಾರೆ. ಸುಮ್ನೆ ಊಹೆ ಮಾಡಿ ಜಾತಿ ಹೆಸರು ಬರೆದರೆ ಆ ತಪ್ಪು ಬೇರೆಯವರ ಪಟ್ಟಿಗೂ ಹೋಗಿ ಕೂರುತ್ತದೆ. ಕಾಳಿ ಹುಲಿ ಸಂರಕ್ಷಿತ ಪ್ರದೇಶ, ಅತ್ತಿವೇರಿ ಪಕ್ಷಿಧಾಮದಂಥ ಕಡೆ ಒಪ್ಪಿಗೆ ಇಲ್ಲದೆ ಒಂದು ಇರುವೆಯನ್ನೂ ಹಿಡಿದು ತರಬೇಡಿ. ಅಂಗಳದ ಗೂಡೇ ಸಾಕು.

ನಮ್ಮ ಜಿಲ್ಲೆಗೆ ಇರುವೆ ನೋಡುವುದು ಹೊಸದೇನಲ್ಲ. ಬ್ರಿಟಿಷರ ಕಾಲದಲ್ಲಿ ಸುಂಕ ಮತ್ತು ಉಪ್ಪಿನ ಇಲಾಖೆಯ ಕೆಲಸದಲ್ಲಿ ಕಾರವಾರದಲ್ಲಿದ್ದ ಐಟ್ಕನ್ ಇರುವೆಗಳನ್ನೂ ಸಂಗ್ರಹಿಸುತ್ತಿದ್ದರು. ಈನಿಕ್ಟಸ್ ಐಟ್ಕೆನಿ, ಟೆಟ್ರಾಪೊನೆರಾ ಐಟ್ಕೆನಿ ಅನ್ನುವ ಎರಡೂ ಇರುವೆಗಳು ಅವರ ಹೆಸರಿನವು. 1993ರಲ್ಲಿ ವಿಜ್ಞಾನಿ ರಾಘವೇಂದ್ರ ಗದಗಕರ್ ಮತ್ತು ಜೊತೆಗಾರರು ಪಶ್ಚಿಮ ಘಟ್ಟದ 12 ಜಾಗಗಳಲ್ಲಿ 140 ಜಾತಿಯ ಇರುವೆಗಳನ್ನು ಪಟ್ಟಿ ಮಾಡಿದರು. ಹೆಸರಿನ ಪಟ್ಟಿ ಹೀಗೆ ಬೆಳೆದಿದೆ. ಊಟದ ಪಟ್ಟಿ ನಿಮ್ಮ ಪೊಟ್ಟಣದಲ್ಲಿದೆ.

ಹರಿವೆ ಬೀಜದ ಕತೆ

ಕೊನೆಗೆ ಎಲ್ಲರೂ ಕೇಳುವ ಪ್ರಶ್ನೆ. ಬಿತ್ತಿದ ಬೀಜ ಒಯ್ಯುತ್ತದೆ, ಏನು ಮಾಡೋದು? ವಿಷದ ಪುಡಿ ಹಾಕಬೇಡಿ, ನಾಳೆ ಆ ಮಡಿಯ ಸೊಪ್ಪನ್ನೇ ನೀವು ತಿನ್ನುವವರು. ಹರಿವೆ ಬೀಜಕ್ಕೆ ಅಕ್ಕಿರವೆ ಕಲಸಿ ಬಿತ್ತಿ, ಇರುವೆ ರವೆ ಹೊರುವುದರಲ್ಲೇ ಮುಳುಗಿರುತ್ತದೆ. ಮೇಲೆ ತೆಳ್ಳಗೆ ಗೊಬ್ಬರದ ಪುಡಿ ಮುಚ್ಚಿ. ಸಂಜೆ ಬಿತ್ತಿ ನೀರು ಚಿಮುಕಿಸಿ. ಬೂದಿಯ ಗೆರೆ ಒಣಗಿರುವವರೆಗೆ ಮಾತ್ರ ಕೆಲಸ ಮಾಡುತ್ತದೆ, ಇಬ್ಬನಿ ಬಿದ್ದರೆ ಮತ್ತೆ ಎಳೆಯಬೇಕು. ನಾಲ್ಕೈದು ದಿನ ಕಾದರೆ ಸಾಕು, ಮೊಳಕೆ ಒಡೆದ ಮೇಲೆ ಇರುವೆಗೆ ಅದು ಬೇಡ.

ಅದಕ್ಕೂ ಮೊದಲು ಇರುವೆಯೇ ಕಳ್ಳನಾ ಅಂತ ನೋಡಿಕೊಳ್ಳಿ. ಹೊಟ್ಟನ್ನು ತಟ್ಟೆಯಲ್ಲಿ ತೇಲಿಸಿ. ಹರಿವೆಯ ಸಿಪ್ಪೆ ಕಪ್ಪಗೆ, ಮಿಣಮಿಣ ಹೊಳೆಯುತ್ತದೆ, ಹುಲ್ಲಿನ ಸಿಪ್ಪೆಯ ನಡುವೆ ಬರಿಗಣ್ಣಿಗೇ ಕಾಣುತ್ತದೆ. ಸಿಕ್ಕಿದರೆ ಸರಿ. ಒಂದೂ ಸಿಗದಿದ್ದರೆ ಪಕ್ಕದ ಮನೆಯ ಕೋಳಿ ಬೆಳಿಗ್ಗೆ ಎಲ್ಲಿ ಕೆದಕುತ್ತಿತ್ತು ಅಂತ ಒಮ್ಮೆ ವಿಚಾರಿಸಿ.